ಪೆಟ್ಟು ಒಂದೇ, ಗಾಯ ಬೇರೆ ಬೇರೆ

ಒಂದು ಮನೆ. ಅಪ್ಪ ದಿನಾ ಕುಡಿದು ಬರುತ್ತಾನೆ. ಅಮ್ಮನಿಗೆ ಹೊಡೆಯುತ್ತಾನೆ. ಅಡ್ಡ ಬಂದರೆ ಮಕ್ಕಳಿಗೂ ಏಟು. ಇಂಥ ಮನೆ ನಮ್ಮೂರಲ್ಲೂ ಇರಬಹುದು.

ಈ ಮನೆಯಲ್ಲಿ ಇಬ್ಬರು ಮಕ್ಕಳು. ಮಗನಿಗೆ 20 ವರ್ಷ. ಮಗಳಿಗೆ 18. ಚಿಕ್ಕಂದಿನಿಂದ ಇಬ್ಬರೂ ಕಂಡದ್ದು ಒಂದೇ. ಆದರೆ ಇಬ್ಬರ ಪಾಡು ಬೇರೆ.

ಮಗನಿಗೆ ಸಣ್ಣ ಮಾತಿಗೂ ಸಿಟ್ಟು. ಬೀಡಿ ಸೇದುತ್ತಾನೆ. ಕುಡಿಯೋದನ್ನೂ ಕಲಿತಿದ್ದಾನೆ. ಬೈಕ್ ಹತ್ತಿದರೆ ಹಿಂದೆ ಮುಂದೆ ನೋಡುವುದಿಲ್ಲ. ಊರವರು ಅವನನ್ನು 'ಪುಂಡ' ಅಂತಾರೆ.

ಮಗಳಿಗೆ ಮಾತೇ ಇಲ್ಲ. ರಾತ್ರಿ ನಿದ್ದೆ ಬಾರದು. ತಲೆನೋವು, ಹೊಟ್ಟೆನೋವು. ಬಾಗಿಲು ಸದ್ದಾದರೆ ಬೆಚ್ಚುತ್ತಾಳೆ. ಬದುಕೇ ಬೇಡ ಅನ್ನಿಸುತ್ತದೆ. ಊರವರು ಅವಳನ್ನು 'ಬಲು ಸಾಧು' ಅಂತಾರೆ.

ಅಮ್ಮ ನರ್ಸಮ್ಮನನ್ನು ಕೇಳಿದಳು.

"ಮಗ ಕೆಟ್ಟ. ಮಗಳು ಸೊರಗಿದಳು. ಯಾರ ಕಣ್ಣು ಬಿತ್ತೋ ನರ್ಸಮ್ಮ?"

"ಕಣ್ಣು ಬಿದ್ದದ್ದಲ್ಲಮ್ಮ. ಇಬ್ಬರದೂ ಒಂದೇ ಗಾಯ. ಅದು ಭಯದ ಗಾಯ."

"ಮತ್ತೆ ಒಬ್ಬೊಬ್ಬರಿಗೆ ಒಂದೊಂದು ಥರ ಯಾಕೆ?"

"ನಾವು ಬೆಳೆಸಿದ ರೀತಿ ನೋಡಿ. ಗಂಡು ಅಳಬಾರದು ಅಂತೀವಿ. ಅವನ ನೋವು ಸಿಟ್ಟಾಗಿ ಹೊರಗೆ ಬರುತ್ತೆ. ಹೆಣ್ಣು ಬಾಯಿ ಬಿಡಬಾರದು ಅಂತೀವಿ. ಅವಳ ನೋವು ಒಳಗೇ ಉಳಿಯುತ್ತೆ. ಎಲ್ಲರಿಗೂ ಹೀಗೇ ಅಂತಲ್ಲ. ಒಳಗೇ ಕೊರಗುವ ಹುಡುಗರೂ ಇದ್ದಾರೆ. ಸಿಡಿದೇಳುವ ಹುಡುಗಿಯರೂ ಇದ್ದಾರೆ."

ಭಯವಾದಾಗ ಎದೆ ಹೊಡೆದುಕೊಳ್ಳುತ್ತದೆ. ಮೈ ಬಿಗಿಯಾಗುತ್ತದೆ. ಎಂದೋ ಒಂದು ದಿನ ಆದರೆ ತೊಂದರೆ ಇಲ್ಲ. ದಿನವೂ ಆದರೆ ಮೈಯೂ ಸೋಲುತ್ತದೆ, ಮನಸ್ಸೂ ಸೋಲುತ್ತದೆ.

ಇದು ಒಂದು ಮನೆಯ ಕಥೆಯಲ್ಲ. 2019-21ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ ಮದುವೆಯಾದ 100 ಹೆಂಗಸರಲ್ಲಿ ಸುಮಾರು 44 ಮಂದಿ ಗಂಡನಿಂದ ಹಿಂಸೆ ಆಗಿದೆ ಎಂದರು. ಆ ಮನೆಗಳ ಮಕ್ಕಳು ಅದನ್ನು ನೋಡುತ್ತಾ ಬೆಳೆಯುತ್ತಾರೆ. ಅಪ್ಪ ಹೊಡೆಯೋದನ್ನು ಕಂಡ ಮಗ ಮುಂದೆ ಹೆಂಡತಿಗೆ ಹೊಡೆಯುವ ಸಂಭವ ಹೆಚ್ಚು. ಅಮ್ಮ ಏಟು ತಿನ್ನೋದನ್ನು ಕಂಡ ಮಗಳು ಮುಂದೆ ಗಂಡನ ಏಟು ತಿನ್ನುವ ಸಂಭವ ಹೆಚ್ಚು.

ಇನ್ನೊಂದು ಮಾತು. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ 10ಕ್ಕೆ ಸುಮಾರು 7 ಮಂದಿ ಗಂಡಸರು. ಗಂಡಸಿಗೂ ನೋವಿದೆ. ಹೇಳಿಕೊಳ್ಳಲು ನಾಚಿಕೆ ಪಡುತ್ತಾನೆ.

ಹಾಗಾದರೆ ಏನು ಮಾಡೋಣ?

ಮೊದಲು ಮನೆಯಲ್ಲಿ ಹೊಡೆತ ನಿಲ್ಲಬೇಕು. ಹೆಂಗಸರ ರಕ್ಷಣೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಇದೆ. ಕುಡಿತ ಬಿಡಿಸಲು ಚಿಕಿತ್ಸೆ ಇದೆ. ಸಿಡುಕುವ ಮಗನನ್ನು ಪುಂಡ ಎಂದು ದೂರ ತಳ್ಳಬೇಡಿ. ಸುಮ್ಮನಿರುವ ಮಗಳನ್ನು ಸಾಧು ಎಂದು ಮರೆಯಬೇಡಿ. ಹತ್ತಿರ ಕೂರಿಸಿಕೊಂಡು ಕೇಳಿ, "ಏನಾಗ್ತಿದೆ ಕಂದಾ?"

ಈ ನಂಬರುಗಳನ್ನು ಗೋಡೆ ಮೇಲೆ ಬರೆದಿಡಿ.

181 – ಹೆಂಗಸರ ಸಹಾಯಕ್ಕೆ
1098 – ಮಕ್ಕಳ ಸಹಾಯಕ್ಕೆ
14416 – ಮನಸ್ಸಿನ ನೋವಿಗೆ (ಟೆಲಿ ಮಾನಸ್)
112 – ತುರ್ತು ಸಹಾಯಕ್ಕೆ

ಬಾಯಿಬಿಟ್ಟು ಹೇಳೋದು ಹೇಡಿತನವಲ್ಲ. ಅದೇ ಮೊದಲ ಮದ್ದು.

ಮಾತಾಡೋಣ

1. ಮಗ, ಮಗಳು ಇಬ್ಬರಲ್ಲಿ ಯಾರ ನೋವು ಊರಿಗೆ ಕಾಣಲಿಲ್ಲ? ಯಾಕೆ?
2. 'ಗಂಡು ಅಳಬಾರದು' ಅನ್ನೋದು ಸರಿಯೇ?
3. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ನೀವು ಏನು ಮಾಡುತ್ತೀರಿ?

ಬರೆಯೋಣ

ಭಯ, ಗಾಯ, ಸಿಟ್ಟು, ನಿದ್ದೆ, ಧೈರ್ಯ