ಚೆಕ್ಕು ವಾಪಸು ಬಂತು, ನಮ್ಮ ದುಡ್ಡು ಯಾಕೆ ಹೋಯ್ತು?



ನಾವು ಸಂಘ ಕಟ್ಟಿದ್ದೇವೆ. ವಾರ ವಾರ ಉಳಿತಾಯ ಮಾಡುತ್ತೇವೆ. ಬ್ಯಾಂಕಿನಲ್ಲಿ ಖಾತೆ ಇದೆ. ಪಾಸ್ ಪುಸ್ತಕ ನಮ್ಮ ಕೈಯಲ್ಲೇ ಇದೆ. ಅದನ್ನು ಓದೋಕೆ ಈಗ ನಮಗೆ ಬರುತ್ತೆ. ಹಾಗಾದರೆ ದುಡ್ಡು ಎಷ್ಟು ಬಂತು, ಎಷ್ಟು ಹೋಯ್ತು, ನಾವೇ ನೋಡೋಣ.

ಒಂದು ಲೆಕ್ಕ

ಒಂದು ಸಂಘ ಇದೆ ಅಂದುಕೊಳ್ಳೋಣ. ಸಂಘದವರು ಹಪ್ಪಳ ಮಾಡಿ ಅಂಗಡಿಗೆ ಕೊಟ್ಟರು. ಅಂಗಡಿಯವರು 3,000 ರೂಪಾಯಿಗೆ ಚೆಕ್ಕು ಬರೆದುಕೊಟ್ಟರು. ಚೆಕ್ಕನ್ನು ಸಂಘದ ಖಾತೆಗೆ ಹಾಕಿದರು. ಆಮೇಲೆ ಪಾಸ್ ಪುಸ್ತಕ ನೋಡಿದರು. 3,000 ರೂಪಾಯಿ ಬಂದಿಲ್ಲ. ಇದ್ದ ದುಡ್ಡಿನಲ್ಲೇ 118 ರೂಪಾಯಿ ಹೋಗಿದೆ!

ಈ 118 ಹೇಗೆ ಬಂತು?

ಚೆಕ್ಕು ವಾಪಸಾತಿ ಶುಲ್ಕ: 100 ರೂಪಾಯಿ
ಶೇಕಡಾ 18 ತೆರಿಗೆ: 18 ರೂಪಾಯಿ
ಒಟ್ಟು: 118 ರೂಪಾಯಿ

ವಾರಕ್ಕೆ ಹತ್ತು ರೂಪಾಯಿ ಹಾಕೋ ಹನ್ನೊಂದು ಮಂದಿಯ ಉಳಿತಾಯಕ್ಕಿಂತ ಇದು ಜಾಸ್ತಿ. ಸುಮ್ಮನೆ ಬಿಡೋ ದುಡ್ಡಲ್ಲ.

ಚೆಕ್ಕು ಯಾಕೆ ವಾಪಸು ಬರುತ್ತೆ?

ಕಾರಣ ಹಲವು. ಚೆಕ್ಕು ಕೊಟ್ಟವರ ಖಾತೆಯಲ್ಲಿ ಹಣ ಇರೋದಿಲ್ಲ. ಸಹಿ ಹೊಂದೋದಿಲ್ಲ. ಚೆಕ್ಕಿನ ತಾರೀಖಿನಿಂದ ಮೂರು ತಿಂಗಳು ಮೀರಿರುತ್ತೆ. ಕೆಲವು ಸಲ ತಪ್ಪು ಬ್ಯಾಂಕಿನದೇ ಇರುತ್ತೆ. ಬ್ಯಾಂಕಿನ ಮುದ್ರೆ ಬಿದ್ದಿರೋದಿಲ್ಲ. ಚೆಕ್ಕಿನ ಚಿತ್ರ ಸರಿಯಾಗಿ ಮೂಡಿರೋದಿಲ್ಲ. ಬೇರೆ ಬ್ಯಾಂಕಿಗೆ ತಪ್ಪಿ ಹೋಗಿರುತ್ತೆ.

ಶುಲ್ಕಕ್ಕೆ ಮಿತಿ ಇದೆಯೇ?

ಎಲ್ಲ ಬ್ಯಾಂಕಿಗೂ ಒಂದೇ ದರ ಇಲ್ಲ. 1999ರಿಂದ ದರ ಗೊತ್ತು ಮಾಡುವ ಅಧಿಕಾರ ಆಯಾ ಬ್ಯಾಂಕಿಗೇ ಇದೆ. ಆದರೆ ಮನಸ್ಸಿಗೆ ಬಂದಂತೆ ಕತ್ತರಿಸುವಂತಿಲ್ಲ. ಬ್ಯಾಂಕುಗಳಿಗೆಲ್ಲ ಹಿರಿಯ ಬ್ಯಾಂಕು ರಿಸರ್ವ್ ಬ್ಯಾಂಕು. ಅದು ಮೂರು ಮಾತು ಹೇಳಿದೆ.

1. ಶುಲ್ಕ ನ್ಯಾಯವಾಗಿರಬೇಕು. ಬ್ಯಾಂಕಿಗೆ ತಗಲುವ ಖರ್ಚಿಗೆ ಮೀರಿ ಹೋಗಬಾರದು.
2. ಶುಲ್ಕ ಎಷ್ಟು ಎಂಬುದನ್ನು ಜನರಿಗೆ ಕಾಣುವಂತೆ ತಿಳಿಸಬೇಕು.
3. ಗ್ರಾಹಕರ ತಪ್ಪಿನಿಂದ ಚೆಕ್ಕು ವಾಪಸಾದರೆ ಮಾತ್ರ ಶುಲ್ಕ ಹಾಕಬೇಕು.

ಮೂರನೆಯ ಮಾತನ್ನು ಇನ್ನೊಮ್ಮೆ ಓದೋಣ. ಗ್ರಾಹಕರು ಅಂದರೆ ನಾವೇ. ನಮ್ಮ ತಪ್ಪಿಲ್ಲದಿದ್ದರೆ ಶುಲ್ಕ ಯಾಕೆ? ಇದನ್ನು ಕೇಳೋ ಹಕ್ಕು ನಮಗಿದೆ.

ಕೇಳೋದು ಹೇಗೆ?

ಮೊದಲು ವಾಪಸು ಬಂದ ಚೆಕ್ಕನ್ನೂ ಕಾರಣ ಬರೆದ ಚೀಟಿಯನ್ನೂ ಕೇಳಿ ಪಡೆಯೋಣ. ಎರಡನ್ನೂ ಜೋಪಾನ ಮಾಡೋಣ. ಚೀಟಿ ಇಂಗ್ಲಿಷಿನಲ್ಲಿದ್ದರೆ ನಾಚಿಕೆ ಬೇಡ. “ಸಾರ್, ಇದರಲ್ಲಿ ಏನು ಬರೆದಿದೆ? ನಮ್ಮ ತಪ್ಪು ಏನು? ದರಪಟ್ಟಿ ತೋರಿಸಿ” ಎಂದು ಕೇಳೋಣ.

ಉತ್ತರ ಸರಿಹೋಗದಿದ್ದರೆ ಅರ್ಜಿ ಬರೆಯೋಣ. ಒಂದು ಪ್ರತಿಗೆ ಬ್ಯಾಂಕಿನ ಮುದ್ರೆ ಹಾಕಿಸಿ ಇಟ್ಟುಕೊಳ್ಳೋಣ. 30 ದಿನದೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಓಂಬುಡ್ಸ್‌ಮನ್ ಅಂದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಅಧಿಕಾರಿ. ಈ ವ್ಯವಸ್ಥೆ 1995ರಲ್ಲಿ ಶುರುವಾಯಿತು. ದೂರಿಗೆ ಒಂದು ಪೈಸೆಯೂ ಕೊಡಬೇಕಿಲ್ಲ.

ಚೆಕ್ಕು ಕೊಟ್ಟವರ ಹೊಣೆ

ಅಂಗಡಿಯವರ ಖಾತೆಯಲ್ಲಿ ಹಣ ಇಲ್ಲದೆ ಚೆಕ್ಕು ವಾಪಸು ಬಂದರೆ? ಕೆಲವು ಬ್ಯಾಂಕುಗಳು ಚೆಕ್ಕು ಹಾಕಿದವರ ಖಾತೆಯಿಂದಲೂ ಶುಲ್ಕ ಕತ್ತರಿಸುತ್ತವೆ. ಆಗ 3,000ದ ಜೊತೆಗೆ ಆ 118ನ್ನೂ ಕೊಡಿ ಎಂದು ಅಂಗಡಿಯವರನ್ನು ಕೇಳೋಣ.

ಅವರು ಕೊಡದಿದ್ದರೆ ಕಾನೂನು ಇದೆ. ಬಾಕಿ ತೀರಿಸಲು ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸಾದರೆ ಅದು ಅಪರಾಧ. 1989ರಿಂದ ಈ ಕಾನೂನು ಜಾರಿಯಲ್ಲಿದೆ. ಮೂರು ಗಡುವು ನೆನಪಿಡೋಣ.

ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು.
ನೋಟಿಸು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ.
ಆಗಲೂ ಕೊಡದಿದ್ದರೆ, ನಂತರದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು.

ವಕೀಲರಿಗೆ ದುಡ್ಡಿಲ್ಲ ಎಂದು ಹೆದರೋದು ಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗೋಣ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ಉಚಿತ ನೆರವು ಸಿಗುತ್ತೆ.

ನಾವು ಚೆಕ್ಕು ಕೊಡುವಾಗಲೂ ಇದೇ ಕಾನೂನು. ಖಾತೆಯಲ್ಲಿ ಹಣ ಎಷ್ಟಿದೆ ನೋಡಿ, ಆಮೇಲೇ ಸಹಿ ಹಾಕೋಣ.

ಚರ್ಚೆ ಮಾಡೋಣ

1. ಚೆಕ್ಕು ವಾಪಸು ಬಂದರೆ ಬ್ಯಾಂಕಿನಿಂದ ಯಾವ ಚೀಟಿ ಕೇಳಬೇಕು?
2. ಶುಲ್ಕ 150 ರೂಪಾಯಿ. ತೆರಿಗೆ ಶೇಕಡಾ 18. ಒಟ್ಟು ಎಷ್ಟು ಹೋಗುತ್ತೆ?
3. ನಮ್ಮ ಸಂಘದ ಪಾಸ್ ಪುಸ್ತಕ ತೆಗೆದು ಓದೋಣ. ಅರ್ಥವಾಗದ ಸಾಲು ಯಾವುದಾದರೂ ಇದೆಯೇ?