ವೈದ್ಯಕೀಯ ದಾಖಲೆ: ಕಾಗದದ ಕಡತದಿಂದ ಕಂಪ್ಯೂಟರಿಗೆ

ವೈದ್ಯರು ನಮ್ಮನ್ನು ಪರೀಕ್ಷಿಸಿದ ನಂತರ ಬರೆದಿಡುವ ವಿವರಗಳಿಗೆ ವೈದ್ಯಕೀಯ ದಾಖಲೆ ಎನ್ನುತ್ತಾರೆ. ನಮಗೆ ಬಂದ ಕಾಯಿಲೆಗಳು, ತೆಗೆದುಕೊಂಡ ಔಷಧಿಗಳು, ಹಾಕಿಸಿಕೊಂಡ ಲಸಿಕೆಗಳು, ರಕ್ತಪರೀಕ್ಷೆಯ ಫಲಿತಾಂಶ, ಯಾವ ಔಷಧಿ ನಮಗೆ ಒಗ್ಗುವುದಿಲ್ಲ ಎಂಬ ಎಚ್ಚರಿಕೆ ಇವೆಲ್ಲವೂ ಅದರಲ್ಲಿರುತ್ತವೆ. ಇದನ್ನು ಕಂಪ್ಯೂಟರಿನಲ್ಲಿ ಇಟ್ಟರೆ ಅದೇ ಎಲೆಕ್ಟ್ರಾನಿಕ್ ವೈದ್ಯಕೀಯ ದಾಖಲೆ. ನೋಂದಣಿ, ಪ್ರಯೋಗಾಲಯ, ಎಕ್ಸ್‌ರೇ ಮತ್ತು ಔಷಧಾಲಯಗಳನ್ನು ಒಂದಕ್ಕೊಂದು ಜೋಡಿಸುವ ಏರ್ಪಾಡಿಗೆ ಆರೋಗ್ಯ ಮಾಹಿತಿ ವ್ಯವಸ್ಥೆ ಎಂದು ಹೆಸರು.

ಕತಾರಿನಲ್ಲಿ

ಹಮದ್ ವೈದ್ಯಕೀಯ ನಿಗಮವು 1979ರಲ್ಲಿ ಸ್ಥಾಪನೆಯಾಯಿತು. ಪ್ರಾಥಮಿಕ ಆರೋಗ್ಯ ನಿಗಮವು 2012ರಲ್ಲಿ ಆರಂಭವಾಯಿತು. 2010ರ ದಶಕದಲ್ಲಿ ಇವೆರಡೂ ಸರ್ನರ್ ಎಂಬ ತಂತ್ರಾಂಶವನ್ನು ಅಳವಡಿಸಿಕೊಂಡವು. ಆದ್ದರಿಂದ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ರಕ್ತದ ಫಲಿತಾಂಶವನ್ನು ಹಮದ್ ಆಸ್ಪತ್ರೆಯ ವೈದ್ಯರೂ ನೋಡಬಹುದು.

ಈ ದಾಖಲೆಯ ಕೀಲಿಕೈ ನಮ್ಮ ಹೆಲ್ತ್ ಕಾರ್ಡಿನ ಸಂಖ್ಯೆ. ಹೆಸರು ಸಾಲದೇ ಎಂದು ನೀವು ಕೇಳಬಹುದು. ಒಂದೇ ಹೆಸರಿನವರು ಹಲವರಿರುತ್ತಾರೆ. ಅದೂ ಅಲ್ಲದೆ ನಮ್ಮವರ ಹೆಸರು ಊರಿನ ಚೀಟಿಯಲ್ಲಿ ಇನಿಷಿಯಲ್ ಸಮೇತ ಇದ್ದರೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ತಂದೆಯ ಹೆಸರಾಗಿಯೋ ಊರಿನ ಹೆಸರಾಗಿಯೋ ಉದ್ದವಾಗಿರುತ್ತದೆ. ಸಂಖ್ಯೆಗೆ ಈ ಗೊಂದಲವಿಲ್ಲ.

ಕಂಪ್ಯೂಟರ್ ಮಾಡುವ ಸಹಾಯ

ಒಬ್ಬರಿಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂದುಕೊಳ್ಳಿ. ವೈದ್ಯರು ಅಮಾಕ್ಸಿಸಿಲಿನ್ ಬರೆಯಲು ಹೊರಟರೆ, ಅದೂ ಅದೇ ಗುಂಪಿನ ಔಷಧಿಯಾದ್ದರಿಂದ ಕಂಪ್ಯೂಟರ್ ಎಚ್ಚರಿಸುತ್ತದೆ. ಆದರೆ ಒಗ್ಗದಿರುವ ಸಂಗತಿಯನ್ನು ನಾವು ಮೊದಲೇ ಹೇಳಿ ಬರೆಸಿದ್ದರೆ ಮಾತ್ರ. ಹೇಳದೇ ಬಿಟ್ಟದ್ದು ಯಾವ ಯಂತ್ರಕ್ಕೂ ಗೊತ್ತಾಗುವುದಿಲ್ಲ.

ಊರಿಗೆ ಹೋದಾಗ

ಭಾರತದಲ್ಲಿ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. ಅದರಲ್ಲಿ ಪ್ರತಿಯೊಬ್ಬರೂ 14 ಅಂಕಿಗಳ ಆಭಾ ಸಂಖ್ಯೆ ಪಡೆಯಬಹುದು. ಆದರೆ ದೋಹಾದ ನಮ್ಮ ದಾಖಲೆ ತಾನಾಗಿಯೇ ಮಂಗಳೂರು ಅಥವಾ ಹುಬ್ಬಳ್ಳಿಯ ವೈದ್ಯರ ಮುಂದೆ ಬರುವುದಿಲ್ಲ. ಅದನ್ನು ನಾವೇ ಒಯ್ಯಬೇಕು. ಒಯ್ಯುವಾಗ ಎರಡು ವಿಷಯಗಳಲ್ಲಿ ಎಚ್ಚರಿಕೆ ಬೇಕು.

ಮೊದಲನೆಯದು ಅಳತೆ. ಇಲ್ಲಿ ರಕ್ತದ ಸಕ್ಕರೆಯನ್ನು ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಬರೆಯುತ್ತಾರೆ. ಊರಿನಲ್ಲಿ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎನ್ನುತ್ತಾರೆ. ಇಲ್ಲಿನ ಸಂಖ್ಯೆಯನ್ನು 18ರಿಂದ ಗುಣಿಸಿದರೆ ಊರಿನ ಸಂಖ್ಯೆ ಸಿಗುತ್ತದೆ. ಇಲ್ಲಿನ 7 ಎಂದರೆ ಅಲ್ಲಿನ 126. ಖಾಲಿ ಹೊಟ್ಟೆಯಲ್ಲಿ ಇಷ್ಟಿದ್ದರೆ ಅದು ಮಧುಮೇಹದ ಸೂಚನೆ. ಅಳತೆಯನ್ನು ಬಿಟ್ಟು ಬರೀ 7 ಎಂದು ಫೋನಿನಲ್ಲಿ ಹೇಳಿದರೆ ಊರಿನಲ್ಲಿರುವ ಅಜ್ಜಿಗೆ ಅದು ತೀರಾ ಕಡಿಮೆ ಎನ್ನಿಸಬಹುದು.

ಎರಡನೆಯದು ಔಷಧಿಯ ಹೆಸರು. ದೋಹಾದ ಪನಡಾಲ್ ಮತ್ತು ಊರಿನ ಡೋಲೋ 650 ಎರಡರಲ್ಲೂ ಇರುವುದು ಪ್ಯಾರಸಿಟಮಾಲ್. ಬೇರೆ ಬೇರೆ ಮಾತ್ರೆಗಳೆಂದು ತಿಳಿದು ಎರಡನ್ನೂ ಜೊತೆಗೆ ನುಂಗಿದರೆ ಪ್ರಮಾಣ ಮಿತಿಮೀರಿ ಯಕೃತ್ತಿಗೆ ಅಪಾಯವಾಗಬಹುದು. ಆದ್ದರಿಂದ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆದಿಡಬೇಕು.

ಗೋಪ್ಯತೆ

ಆರೋಗ್ಯದ ವಿವರ ನಮ್ಮ ಸ್ವಂತ ವಿಷಯ. ಕತಾರಿನ 2016ರ 13ನೇ ಕಾನೂನು ಅದನ್ನು ವಿಶೇಷ ರಕ್ಷಣೆ ಬೇಕಾದ ಮಾಹಿತಿ ಎಂದು ಗುರುತಿಸಿದೆ. ಪಾಸ್‌ವರ್ಡನ್ನು ಇತರರಿಗೆ ಹೇಳುವುದು, ಮನೆಯವರ ವರದಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಸರಿಯಲ್ಲ.

ವಿದ್ಯಾರ್ಥಿಗಳು ಮಾಡಬಹುದಾದದ್ದು

ರಜೆಗೆ ಊರಿಗೆ ಹೊರಡುವ ಮುನ್ನ ತಂದೆತಾಯಿಯರೊಡನೆ ಕುಳಿತು ಮನೆಯ ಪ್ರತಿಯೊಬ್ಬರಿಗೂ ಒಂದು ಪುಟ ತಯಾರಿಸಿ. ಅದರಲ್ಲಿ ಇವು ಇರಲಿ:

1. ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ಜನ್ಮ ದಿನಾಂಕ, ರಕ್ತದ ಗುಂಪು.
2. ಒಗ್ಗದ ಔಷಧಿ ಮತ್ತು ಆಹಾರ.
3. ಈಗಿರುವ ಕಾಯಿಲೆಗಳು, ಆದ ಶಸ್ತ್ರಚಿಕಿತ್ಸೆಗಳು, ಅವುಗಳ ವರ್ಷ.
4. ಔಷಧಿಯ ಮೂಲ ಹೆಸರು, ಪ್ರಮಾಣ, ದಿನಕ್ಕೆ ಎಷ್ಟು ಸಲ.
5. ಇತ್ತೀಚಿನ ಪರೀಕ್ಷೆಯ ಫಲಿತಾಂಶ, ಅಳತೆ ಮತ್ತು ದಿನಾಂಕ ಸಹಿತ.

ಒಂದು ಪ್ರತಿಯನ್ನು ಊರಿನಲ್ಲಿರುವ ಅಜ್ಜ ಅಜ್ಜಿಯರಿಗಾಗಿಯೂ ಬರೆಯಿರಿ. ಅವರು ಇಲ್ಲಿಗೆ ಬಂದು ರಾತ್ರಿ ಹೊತ್ತು ಎದೆನೋವೆಂದರೆ, ದೋಹಾದ ಯಾವ ಕಂಪ್ಯೂಟರಿನಲ್ಲಿಯೂ ಅವರ ಹಳೆಯ ದಾಖಲೆ ಇರುವುದಿಲ್ಲ. ಆಗ ತುರ್ತು ವಿಭಾಗದ ವೈದ್ಯರ ಕೈಗೆ ಕೊಡಲು ನೀವು ಬರೆದ ಆ ಪುಟವಿರುತ್ತದೆ.