ಹಾಲುವಾಣದ ಗಂಟು: ಒಮ್ಮೆ ಸೀಳಿ ನೋಡಿ

ಕೊಡಗಿನಲ್ಲಿ ಹಾಲುವಾಣವೆಂದರೆ ಕಾಫಿಗೆ ನೆರಳು, ಕಾಳುಮೆಣಸಿಗೆ ಆಸರೆ. ನಮ್ಮ ತೋಟದಲ್ಲಿ ಅದರ ಚಿಗುರು ಮುರುಟಿ, ಎಲೆತೊಟ್ಟು ಬಟಾಣಿ ಪೋಣಿಸಿದಂತೆ ಊದಿಕೊಂಡಾಗ ಯಾವುದೋ ನಂಜುರೋಗ ಅಂದುಕೊಂಡೆ. 'ಏನಾದ್ರೂ ಹೊಡೀರಿ ಮಾರಾಯ್ರೆ' ಎಂದರು ಪಕ್ಕದ ತೋಟದವರು. ಎರಡು ಸಲ ಹೊಡೆದೆ. ದುಡ್ಡು ಹೋಯಿತು, ಗಂಟು ಉಳಿಯಿತು.

ಕೊನೆಗೆ ಒಂದು ಎಳೆಗಂಟನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಪುಟ್ಟ ಪುಟ್ಟ ಕೋಣೆಗಳು, ಅವುಗಳಲ್ಲಿ ಕಾಲಿಲ್ಲದ ಬಿಳಿ ಹುಳು! ಇದು ಕಣಜದ ಮರಿ. ತಾಯಿ ಒಂದೂವರೆ ಮಿಲಿಮೀಟರ್ ಉದ್ದ ಇದ್ದರೆ ಹೆಚ್ಚು, ನಮ್ಮನ್ನು ಕಚ್ಚುವ ಕಣಜವಲ್ಲ. ಎಳೆ ಚಿಗುರಿನೊಳಗೆ ಮೊಟ್ಟೆಯಿಡುತ್ತದೆ. ಗಿಡವೇ ಮರಿಯ ಸುತ್ತ ಗಂಟು ಕಟ್ಟಿಕೊಡುತ್ತದೆ. ಸುಮಾರು 20 ದಿನದಲ್ಲಿ ಬೆಳೆದ ಕಣಜ ತೂತು ಕೊರೆದು ಹೊರಬೀಳುತ್ತದೆ. ಮರಿ ಮುಚ್ಚಿದ ಕೋಣೆಯಲ್ಲಿರುವಾಗ ಎಲೆಯ ಮೇಲೆ ಬಿದ್ದ ಔಷಧಿ ಅದಕ್ಕೆ ಮುಟ್ಟುವುದೆಲ್ಲಿ?

ಗಂಟಿನ ಮೇಲೆ ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಕಣಜ ಆಗಲೇ ಹಾರಿಹೋಗಿದೆ ಎಂದರ್ಥ.

ಅದೇ ಮರಕ್ಕೆ ಹಬ್ಬಿದ ಮೆಣಸಿನ ಎಲೆಯ ಅಂಚೂ ಕೆಲವೊಮ್ಮೆ ಮಡಚಿಕೊಳ್ಳುತ್ತದೆ. ಎರಡೂ ಒಂದೇ ಅಲ್ಲ. ಮಡಿಕೆ ಬಿಡಿಸಿದರೆ ಸಪೂರದ ಕಪ್ಪು ಕೀಟ ಓಡಾಡುತ್ತದೆ, ಅದು ಥ್ರಿಪ್ಸ್. ಹೊಂಗೆ ಎಲೆಯ ಗುಳ್ಳೆಗಳು ನುಸಿಯ ಕೆಲಸ. ಅದು ಬರಿಗಣ್ಣಿಗೆ ಕಾಣದು.

ಎಲೆಗಂಟಿನ ಕಣಜಗಳಲ್ಲಿ ಹೆಸರುವಾಸಿಯಾದವು ಓಕ್ ಮರದವು. ನಮ್ಮ ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್, ಅದರ ಜಾತಿಯೇ ಬೇರೆ. ಆದರೆ ಅಜ್ಜಿಯಂದಿರು ಮಗುವಿಗೆ ತೇಯುತ್ತಿದ್ದ ಮಾಚಿಕಾಯಿ ಇದೆಯಲ್ಲ, ಅದು ಕಾಯಿಯೇ ಅಲ್ಲ, ನಿಜವಾದ ಓಕ್ ಮರದ ಕಣಜಗಂಟು!

ಹಾಲುವಾಣದ ಕಣಜಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 2004ರಲ್ಲಿ. 2006ರ ಹೊತ್ತಿಗೆ ಕೇರಳದಲ್ಲೂ ಪತ್ತೆಯಾಗಿತ್ತು. ಹವಾಯಿ ದ್ವೀಪಗಳಿಗೆ 2005ರಲ್ಲಿ ನುಗ್ಗಿ ಅಲ್ಲಿನ ಹಾಲುವಾಣ ಜಾತಿಯ ಮರಗಳನ್ನು ಒಣಗಿಸಿತು. ಅಲ್ಲಿನವರು ಆಫ್ರಿಕಾದಿಂದ ಇದರ ಮರಿಯನ್ನು ತಿನ್ನುವ ಇನ್ನೊಂದು ಕಣಜವನ್ನು ತರಿಸಿ 2008ರಲ್ಲಿ ಬಿಟ್ಟರು.

ನಾವು ಮಾಡಬಹುದಾದ್ದು ಸರಳ. ತೂತು ಬೀಳುವ ಮೊದಲೇ ಗಂಟಿನ ರೆಂಬೆ ಕಡಿದು ಸುಡಬೇಕು. ಕಡಿದದ್ದನ್ನು ಬುಡಕ್ಕೆ ಸೊಪ್ಪಾಗಿ ಹಾಕಿದರೆ ಕಣಜ ಅಲ್ಲಿಂದಲೇ ಏಳುತ್ತದೆ. ನಾನು ಮೊದಲ ವರ್ಷ ಮಾಡಿದ ತಪ್ಪೇ ಅದು. ಮರ ಸೊರಗಿದರೆ ಬಳ್ಳಿಯೂ ನೆಲಕ್ಕೆ. ಹಾಗಾಗಿ ಖಾಲಿ ಜಾಗಕ್ಕೆ ಹಾಲುವಾಣವೊಂದನ್ನೇ ನಂಬದೆ ಸಿಲ್ವರ್ ಓಕನ್ನೂ ಹಾಕಿದ್ದೇನೆ.

ಮಳೆ ಹಿಡಿಯುವ ಮುಂಚೆ ಗೂಟ ತರುವವರು ತಾಯಿಮರದ ಚಿಗುರನ್ನು ನೋಡಿಯೇ ತನ್ನಿ. ಈ ಸಲ ಗೂಟಕ್ಕೆಂದು ನೆಂಟರ ಮನೆಗೆ ಹೋಗಿದ್ದೆ. ಚಿಗುರಲ್ಲಿ ಗಂಟಿತ್ತು. ಕಾಫಿ ಕುಡಿದು ಬರಿಗೈಯಲ್ಲಿ ವಾಪಸ್ ಬಂದೆ.